ಲಿಂಕ್ ಒತ್ತಿದರೆ ಯಾವ ಬ್ರೌಸರ್?



ಊರಿನಿಂದ ಅಪ್ಪ ಫೋನ್ ಮಾಡುತ್ತಾರೆ: "ಬ್ಯಾಂಕಿನ ಲಿಂಕ್ ಒತ್ತಿದರೆ ಬೇರೆ ಏನೋ ತೆರೆಯುತ್ತಿದೆ, ಪಾಸ್‌ವರ್ಡೂ ಬರುತ್ತಿಲ್ಲ, ವೈರಸ್ ಬಂತೇನಪ್ಪಾ?" ನೀವು ಪುಣೆಯಲ್ಲೋ ದೆಹಲಿಯಲ್ಲೋ ಕೂತು ಉತ್ತರ ಹೇಳಬೇಕು. ಹೆಚ್ಚಿನ ಸಲ ಅದು ವೈರಸ್ ಅಲ್ಲ, ಡಿಫಾಲ್ಟ್ ಬ್ರೌಸರ್ ಬದಲಾಗಿರುತ್ತದೆ. ಪಾಸ್‌ವರ್ಡ್ ಹಳೆಯ ಬ್ರೌಸರ್‌ನಲ್ಲಿ ಭದ್ರವಾಗಿಯೇ ಇರುತ್ತದೆ.

ಅಂದ ಹಾಗೆ, ನಿಮ್ಮ ಬ್ರೌಸರ್ ಯಾವುದೆಂದು ಮೇಲ್ ಪ್ರೋಗ್ರಾಮಿಗೆ ಗೊತ್ತಾಗುವುದು ಹೇಗೆ? ನಿಜ ಹೇಳಬೇಕೆಂದರೆ, ಅದಕ್ಕೆ ಗೊತ್ತಾಗಬೇಕಾಗಿಯೇ ಇಲ್ಲ. ಕೊರಿಯರ್ ಹುಡುಗ ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ಕೈಗೆ ಪೊಟ್ಟಣ ಕೊಟ್ಟು ಹೋಗುವಂತೆ, ಅದು ವೆಬ್ ವಿಳಾಸವನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ಮುಂದಿನದು ವಿಂಡೋಸ್ ಕೆಲಸ.

ಹೆಸರೇ ಬೇಕೆಂದರೆ ರಿಜಿಸ್ಟ್ರಿ ಎಂಬ ದಫ್ತರವನ್ನು ನೋಡಬೇಕು. ವಿಸ್ಟಾದಿಂದೀಚೆಗೆ ಅಲ್ಲಿ ಪ್ರತಿ ಬಳಕೆದಾರರಿಗೂ 'ಯೂಸರ್ ಚಾಯ್ಸ್' ಎಂಬ ಪ್ರತ್ಯೇಕ ನಮೂದು ಇದೆ. 'ಕ್ರೋಮ್‌ಎಚ್‌ಟಿಎಂಎಲ್' ಎಂದಿದ್ದರೆ ಕ್ರೋಮ್, 'ಎಂಎಸ್‌ಎಜ್‌ಎಚ್‌ಟಿಎಂ' ಎಂದಿದ್ದರೆ ಎಜ್. ಈಗಲೂ ಹಳೆಯ ಜಾಗವನ್ನಷ್ಟೇ ನೋಡುವ ಪ್ರೋಗ್ರಾಮು ತಪ್ಪು ಹೆಸರು ಹೇಳೀತು. ಮ್ಯಾಕ್‌ನಲ್ಲಿ ಈ ಲೆಕ್ಕ ಇಡುವುದು 'ಲಾಂಚ್ ಸರ್ವೀಸಸ್'. ಲಿನಕ್ಸ್‌ನಲ್ಲಿ 'ಎಕ್ಸ್‌ಡಿಜಿ-ಸೆಟ್ಟಿಂಗ್ಸ್' ಎಂಬ ಆದೇಶಕ್ಕೆ ಉತ್ತರ ಸಿಗುತ್ತದೆ.

ಒಂದು ಕಾಲದಲ್ಲಿ ಯಾವುದೋ ಉಚಿತ ತಂತ್ರಾಂಶ ಹಾಕಿಕೊಂಡರೆ ಸಾಕು, ಅದು ಕೇಳದೆಯೇ ಬ್ರೌಸರ್ ಬದಲಿಸಿಬಿಡುತ್ತಿತ್ತು. ಅದಕ್ಕೇ 2012ರ ವಿಂಡೋಸ್ 8ರಿಂದ ಆ ನಮೂದಿನ ಜೊತೆ 'ಹ್ಯಾಶ್' ಎಂಬ ಮುದ್ರೆ ಬಂತು. ಮುದ್ರೆ ಹೊಂದದಿದ್ದರೆ ವಿಂಡೋಸ್ ಆ ನಮೂದನ್ನು ಒಪ್ಪುವುದಿಲ್ಲ. ಬದಲಾವಣೆ ಬಳಕೆದಾರರೇ ಮಾಡಬೇಕೆಂಬುದು ಇದರ ಉದ್ದೇಶ.

ಆದರೆ ಎಲ್ಲ ಪ್ರೋಗ್ರಾಮುಗಳೂ ನಿಮ್ಮ ಆಯ್ಕೆಗೆ ತಲೆಬಾಗುವುದಿಲ್ಲ. 2023ರಲ್ಲಿ ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್‌ನ ಲಿಂಕುಗಳನ್ನು ಎಜ್‌ನಲ್ಲಿ ತೆರೆಯುವ ಪದ್ಧತಿ ತಂದಿತು. ಬೇಡವೆಂದರೆ ಔಟ್‌ಲುಕ್‌ನ ಸೆಟ್ಟಿಂಗಿನಲ್ಲೇ ಬದಲಿಸಬೇಕು.

ಹಾಗಾಗಿ ಅಪ್ಪನಿಗೆ ಮೊದಲು ಒಂದು ಪ್ರಶ್ನೆ ಕೇಳಿ: "ಎಲ್ಲ ಲಿಂಕುಗಳೂ ಹೀಗೇ ತೆರೆಯುತ್ತವೆಯೋ, ಒಂದೇ ಪ್ರೋಗ್ರಾಮಿನವೋ?" ಒಂದೇ ಆದರೆ ಆ ಪ್ರೋಗ್ರಾಮಿನ ಸೆಟ್ಟಿಂಗ್ ನೋಡಿಸಿ. ಎಲ್ಲವೂ ಆದರೆ ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್ ಎಂದು ಒಂದೊಂದಾಗಿ ಒತ್ತಿಸಿ, ಹಳೆಯ ಬ್ರೌಸರನ್ನೇ ಆರಿಸಲು ಹೇಳಿ. "ಸರಿ ಮಾಡಿಕೊಡುತ್ತೇವೆ" ಎನ್ನುವ ಯಾವ ತಂತ್ರಾಂಶವನ್ನೂ ಹಾಕಿಸಬೇಡಿ. ಇನ್ನೂ ಒಂದು ಮಾತು: ಬ್ರೌಸರ್ ಯಾವುದೇ ಇರಲಿ, ಬ್ಯಾಂಕಿನ ವಿಳಾಸವನ್ನು ಅವರು ಕೈಯಾರೆ ಟೈಪ್ ಮಾಡುವುದೇ ಕ್ಷೇಮ. ಲಿಂಕ್ ಬ್ಯಾಂಕಿನದ್ದೇ ಹೌದೋ ಅಲ್ಲವೋ ಎಂದು ಬರೀ ನೋಡಿ ಹೇಳುವುದು ಕಷ್ಟ.