ಬೆರಳಚ್ಚು ನೋಡಿ ಮಗುವಿಗೆ ಯಾವ ಕೆಲಸ ಒಗ್ಗುತ್ತದೆ ಎಂದು ಹೇಳಬಹುದೇ?

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲಿ ಈ ಬಗೆಯ ಸಂದೇಶ ಸುತ್ತಾಡುತ್ತದೆ: ಮಗುವಿನ ಹತ್ತೂ ಬೆರಳು ಸ್ಕ್ಯಾನ್ ಮಾಡಿಸಿ, ಹುಟ್ಟುಪ್ರತಿಭೆ ತಿಳಿಯಿರಿ, ಸರಿಯಾದ ಕೋರ್ಸ್ ಆರಿಸಿ. ಪರೀಕ್ಷೆಯ ಹೆಸರು ಡಿಎಂಐಟಿ. ಶುಲ್ಕ ಸಾವಿರಗಳಲ್ಲಿ. ರಾಯಚೂರಿನ ಮಟಮಾರಿಯಂಥ ಊರಲ್ಲಿ ಕೂಲಿ ಮಾಡಿ ಓದಿಸುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಹಣಕ್ಕಿಂತ ನಮಗೆ ಹೆಚ್ಚು ಚಿಂತೆ ಇನ್ನೊಂದರದ್ದು. ‘ತರ್ಕಶಕ್ತಿ ಕಡಿಮೆ’ ಎಂದು ವರದಿಯಲ್ಲಿ ಬಂದರೆ, ಲೆಕ್ಕದಲ್ಲಿ ಚೆನ್ನಾಗಿರುವ ಹುಡುಗಿಗೂ ಸೈನ್ಸ್ ಬೇಡ ಅಂದುಬಿಡುತ್ತಾರೆ.

ಮಾರುವವರ ವಾದ ಇಷ್ಟು: ಬೆರಳಿನ ಗೆರೆಗಳೂ ಮೆದುಳೂ ಗರ್ಭದಲ್ಲಿ ಒಂದೇ ಸಮಯಕ್ಕೆ ಬೆಳೆಯುತ್ತವೆ, ಆದ್ದರಿಂದ ಗೆರೆ ನೋಡಿದರೆ ಮೆದುಳು ಗೊತ್ತಾಗುತ್ತದೆ. ಮೊದಲರ್ಧದಲ್ಲಿ ಸತ್ಯಾಂಶವಿದೆ. ಗೆರೆಗಳು ಗರ್ಭದ ಮೂರನೇ ತಿಂಗಳ ಹೊತ್ತಿಗೆ ಮೂಡಲು ಶುರುವಾಗುತ್ತವೆ, ಆಗ ಮೆದುಳೂ ಬೆಳೆಯುತ್ತಿರುತ್ತದೆ. ಆದರೆ ಆ ಹೊತ್ತಲ್ಲಿ ಕಿವಿಯೂ ಮೂತ್ರಪಿಂಡವೂ ಬೆಳೆಯುತ್ತಿರುತ್ತವೆ. ಕಿವಿ ನೋಡಿ ಯಾರೂ ಎಂಜಿನಿಯರಿಂಗ್ ಸೀಟು ಆರಿಸುವುದಿಲ್ಲವಲ್ಲ! ಡೌನ್ ಸಿಂಡ್ರೋಮ್‌ನಂಥ ಕೆಲವು ವಂಶವಾಹಿ ಸ್ಥಿತಿಗಳಲ್ಲಿ ಗೆರೆಗಳ ವಿನ್ಯಾಸ ತುಸು ಬೇರೆಯಾಗಿರುವುದು ನಿಜ. ಅಷ್ಟರಿಂದ ‘ಈ ಮಗು ಸೇಲ್ಸ್‌ಗೆ, ಆ ಮಗು ಸಂಗೀತಕ್ಕೆ’ ಎಂಬಲ್ಲಿಗೆ ಹೋಗಲು ದಾರಿಯೇ ಇಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬೆರಳಚ್ಚು ಕೂಡ ಒಂದೇ ಆಗಿರುವುದಿಲ್ಲ.

ಇದನ್ನು ಹಿಂದೆಯೇ ಹುಡುಕಿ ನೋಡಿದವರಿದ್ದಾರೆ. ಬೆರಳಚ್ಚಿನ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಗಾಲ್ಟನ್ ಗೆರೆಗಳಿಗೂ ಮನೋಸ್ವಭಾವಕ್ಕೂ ನಂಟು ಸಿಗಬಹುದೆಂದು ಆಸೆಪಟ್ಟಿದ್ದರು. ಸಿಗಲಿಲ್ಲ ಎಂದು 1892ರ ತಮ್ಮ ಪುಸ್ತಕದಲ್ಲಿ ಅವರೇ ಬರೆದರು. ಡಿಎಂಐಟಿಯವರು ಹೆಸರು ಹೇಳುವ ‘ಬಹುವಿಧ ಬುದ್ಧಿವಂತಿಕೆ’ 1983ರಲ್ಲಿ ಹೊವಾರ್ಡ್ ಗಾರ್ಡ್ನರ್ ಮಂಡಿಸಿದ ಸಿದ್ಧಾಂತ. ಅದರ ಬಗ್ಗೆಯೇ ಮನೋವಿಜ್ಞಾನಿಗಳಲ್ಲಿ ತಕರಾರಿದೆ, ಬೆರಳಿಗಂತೂ ಅದರಲ್ಲಿ ಜಾಗವೇ ಇಲ್ಲ. ಡಿಎಂಐಟಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೂ ಹೇಳಿದೆ.

‘ಆದರೆ ನಮ್ಮ ಮಗನ ಬಗ್ಗೆ ಬರೆದದ್ದು ಎಲ್ಲಾ ಕರೆಕ್ಟ್ ಇತ್ತು’ ಅನ್ನುತ್ತೀರಾ? 1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಪ್ರತಿಯೊಬ್ಬರಿಗೂ ‘ನಿಮ್ಮ ವ್ಯಕ್ತಿತ್ವ ವರದಿ’ ಎಂದು ಹಂಚಿದರು. ಎಷ್ಟು ಸರಿಯಿದೆ ಎಂದು ಕೇಳಿದಾಗ 5ಕ್ಕೆ ಸರಾಸರಿ 4.26 ಅಂಕ ಬಂತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ವರದಿ. ಅದರ ಸಾಲುಗಳನ್ನು ಅವರು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದರು. ‘ನಿಮ್ಮಲ್ಲಿ ಬಳಕೆಯಾಗದ ಸಾಮರ್ಥ್ಯವಿದೆ’ ಎಂಬ ಮಾತು ಯಾರಿಗೆ ತಾನೇ ಒಪ್ಪುವುದಿಲ್ಲ?

ಹಾಗಾದರೆ ಮಗುವಿನ ಬಲ ತಿಳಿಯುವುದು ಹೇಗೆ? ಕಾಸು ಕೊಡದೆ ಆಗುವ ದಾರಿಗಳಿವೆ. 9 ಮತ್ತು 10ನೇ ತರಗತಿಯವರಿಗಾಗಿ ಎನ್‌ಸಿಇಆರ್‌ಟಿ ಮತ್ತು ಸಿಬಿಎಸ್‌ಇ ‘ತಮನ್ನಾ’ ಎಂಬ ಅಭಿರುಚಿ ಪರೀಕ್ಷೆ ರೂಪಿಸಿವೆ. ಅದರಲ್ಲಿ ಪಾಸು ಫೇಲು ಇಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯದ ನ್ಯಾಷನಲ್ ಕರಿಯರ್ ಸರ್ವೀಸ್ ಪೋರ್ಟಲ್‌ನಲ್ಲಿ ನೋಂದಣಿ ಉಚಿತ. ಆದರೂ ಯಾವ ಪರೀಕ್ಷೆಯ ಅಂಕವನ್ನೂ ತೀರ್ಪಿನಂತೆ ಓದಬೇಡಿ. ಅದು ಸುಳಿವು, ಅಷ್ಟೇ.

ನಮ್ಮ ಅನಿಸಿಕೆಯಲ್ಲಿ, ಕೆಲಸ ಮಾಡಿಸಿ ನೋಡುವುದೇ ಗಟ್ಟಿ ದಾರಿ. ರಜೆಯಲ್ಲಿ ಮಗ ಅಂಗಡಿಯ ಲೆಕ್ಕ ಬರೆಯಲಿ, ಪಂಪ್‌ಸೆಟ್ ರಿಪೇರಿ ಮಾಡುವವರ ಜತೆ ನಾಲ್ಕು ದಿನ ನಿಲ್ಲಲಿ. ಮಗಳು ಪಕ್ಕದ ಮನೆಯ ಮಕ್ಕಳಿಗೆ ಗಣಿತ ಹೇಳಿಕೊಡಲಿ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಒಮ್ಮೆ ಹೋಗಿ ಬರಲಿ. ಯಾವುದರಲ್ಲಿ ಹೊತ್ತು ಹೋದದ್ದು ಗೊತ್ತಾಗಲಿಲ್ಲ, ಯಾವುದರಲ್ಲಿ ತಪ್ಪಾದರೂ ಮತ್ತೆ ಕೂತರು, ಯಾವುದಕ್ಕೆ ಬೇರೆಯವರು ಹುಡುಕಿಕೊಂಡು ಬಂದರು ಎಂದು ಗಮನಿಸಿ. ಮೊದಲ ವಾರ ಬೇಸರವಾದರೆ ‘ಇದು ನನ್ನದಲ್ಲ’ ಎಂದು ಬಿಡಬೇಕಿಲ್ಲ. ಎಷ್ಟೋ ಆಸಕ್ತಿಗಳು ಕೈ ಪಳಗಿದ ಮೇಲೆಯೇ ಹುಟ್ಟುತ್ತವೆ. ಬೆರಳಿನ ಗೆರೆ ಸಾಯುವವರೆಗೂ ಅದೇ ಇರುತ್ತದೆ, ಕೌಶಲ ಹಾಗಲ್ಲ.

ಆ ಸ್ಕ್ಯಾನ್ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಕಳಿಸಿದವರನ್ನು ಒಂದೇ ಪ್ರಶ್ನೆ ಕೇಳಿ: ಈ ವರದಿ ಸರಿಯಿಲ್ಲ ಎಂದು ಹತ್ತು ವರ್ಷದ ನಂತರ ಗೊತ್ತಾದರೆ, ಹಣ ವಾಪಸ್ ಕೊಡುತ್ತಾರಾ?