ಬೆಳಕಿಗೆ ಸ್ವಾಗತ, ಬಿಸಿಗೆ ತಡೆ

ಬೇಸಿಗೆಯ ಮಧ್ಯಾಹ್ನ ಪಶ್ಚಿಮದ ಕಿಟಕಿಯ ಬಳಿ ಓದಲು ಕುಳಿತವರಿಗೆ ಫ್ಯಾನ್ ತಿರುಗಿದರೂ ಸೆಕೆ ತಪ್ಪದು. ಬೆಳಕು ಬೇಕು, ಬಿಸಿ ಬೇಡ ಎಂದರೆ ಸಾಧ್ಯವೆ? ಸಾಧ್ಯ. ಆದರೆ ಅದಕ್ಕೆ ಕಿಟಕಿಯ ಗುಣ ತಿಳಿದಿರಬೇಕು.

ಶಾಖವು ವಹನ, ಸಂವಹನ, ವಿಕಿರಣ ಎಂಬ ಮೂರು ಬಗೆಯಲ್ಲಿ ಸಾಗುತ್ತದೆಂಬುದು ಶಾಲೆಯ ಪಾಠ. ಕಿಟಕಿಯಲ್ಲಿ ಈ ಮೂರೂ ನಡೆಯುತ್ತವೆ. ಗಾಜು ಮತ್ತು ಚೌಕಟ್ಟಿನ ಮೂಲಕ ಶಾಖ ಹರಿಯುವುದು ವಹನ. ಗಾಜಿಗೆ ತಾಗಿ ಬಿಸಿಯಾದ ಗಾಳಿ ಮೇಲೇರುವುದು ಸಂವಹನ. ಬಿಸಿಲು ನೇರವಾಗಿ ಒಳಬರುವುದು ವಿಕಿರಣ.

ಚಳಿ ದೇಶಗಳ ಚಿಂತೆ ನಮ್ಮದಕ್ಕೆ ತದ್ವಿರುದ್ಧ. ಅಲ್ಲಿ ಇಂಧನ ಉರಿಸಿ ಮನೆಯನ್ನು ಬೆಚ್ಚಗಿಟ್ಟರೆ ಆ ಶಾಖ ಕಿಟಕಿಯಿಂದ ಹೊರಗೆ ಸೋರುತ್ತದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯ ಮೊದಲಾದೆಡೆ ಇದಕ್ಕೆ ಪರಿಹಾರ ಹುಡುಕಲಾಯಿತು. 1980ರ ದಶಕದಲ್ಲಿ ಹೊಸ ಬಗೆಯ ಗಾಜು ಮಾರುಕಟ್ಟೆಗೆ ಬಂತು.

ಇದರಲ್ಲಿ ಎರಡು ಗಾಜುಗಳ ನಡುವೆ ಸುಮಾರು 12ರಿಂದ 16 ಮಿಲಿಮೀಟರ್ ಅಂತರವಿರುತ್ತದೆ. ಅಲ್ಲಿ ಒಣಗಾಳಿ ಅಥವಾ ಆರ್ಗಾನ್ ಅನಿಲ ತುಂಬಿರುತ್ತಾರೆ. ಅಲುಗಾಡದ ಅನಿಲ ಶಾಖವನ್ನು ಸುಲಭವಾಗಿ ಸಾಗಿಸದು. ಗಾಜಿನ ಒಂದು ಮೈಗೆ ಕೂದಲೆಳೆಗಿಂತ ಸಾವಿರಾರು ಪಟ್ಟು ತೆಳುವಾದ ಬೆಳ್ಳಿಯ ಲೇಪವಿರುತ್ತದೆ. ಅದು ಬೆಳಕನ್ನು ಬಿಟ್ಟು, ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹಿಂದಕ್ಕೆ ಕಳಿಸುತ್ತದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರ್ ಒಂಟಿ ಗಾಜಿನ ಮೂಲಕ ಸುಮಾರು 6 ವಾಟ್ ಶಾಖ ದಾಟುತ್ತದೆ. ಜೋಡಿ ಗಾಜಿನಲ್ಲಿ ಅದು 3 ವಾಟ್‌ನಷ್ಟು. ಲೇಪ ಮತ್ತು ಆರ್ಗಾನ್ ಸೇರಿದರೆ ಒಂದು ವಾಟ್‌ಗೆ ತುಸು ಹೆಚ್ಚು.

ನಮಗೆ ಯಾವುದು ಬೇಕು?

ಹಾಗೆಂದು ಜೋಡಿ ಗಾಜು ಹಾಕಿಸಿದ ಮಾತ್ರಕ್ಕೆ ನಮ್ಮ ಬಿಸಿಲು ನಿಲ್ಲದು. ಲೇಪವಿಲ್ಲದ ಜೋಡಿ ಗಾಜು ಬಿಸಿಲಿನ ಶಾಖದಲ್ಲಿ ಸುಮಾರು 70 ಪಾಲನ್ನು ಒಳಗೆ ಬಿಡುತ್ತದೆ. ಬಿಸಿಲು ತಡೆಯಲೆಂದೇ ಲೇಪಿಸಿದ ಒಳ್ಳೆಯ ಗಾಜು ಬಿಡುವುದು 30 ಪಾಲು ಅಥವಾ ಇನ್ನೂ ಕಡಿಮೆ. ಈ ಪಾಲನ್ನು ಹೇಳುವ ಅಂಕಿಗೆ ‘ಎಸ್‌ಎಚ್‌ಜಿಸಿ’ ಎಂದು ಹೆಸರು. ಗಾಜು ಕೊಳ್ಳುವಾಗ ಕೇಳಬೇಕಾದದ್ದು ಇದನ್ನು. ಅಂಕಿ ಚಿಕ್ಕದಾದಷ್ಟೂ ಮನೆ ತಂಪು.

ಎಲ್ಲಕ್ಕಿಂತ ಅಗ್ಗದ ಉಪಾಯ ಹೊರಗಿನ ನೆರಳು. ನಡುಹಗಲಿನ ನೆತ್ತಿಯ ಸೂರ್ಯನಿಗೆ ಕಿಟಕಿಯ ಸಜ್ಜ ಸಾಕು. ಸಂಜೆ ಇಳಿಯುವ ಸೂರ್ಯನಿಗೆ ಅದು ಸಾಲದು. ಪಶ್ಚಿಮದ ಕಿಟಕಿಗೆ ಹೊರಗೆ ಬಿದಿರಿನ ತಟ್ಟಿ ಕಟ್ಟಬೇಕು, ಇಲ್ಲವೆ ಮರ ಬೆಳೆಸಬೇಕು. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಶಾಖ ಆಗಲೇ ಮನೆ ಹೊಕ್ಕಿರುತ್ತದೆ. 2018ರಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ ಹೊರತಂದ ‘ಇಕೋ ನಿವಾಸ್ ಸಂಹಿತೆ’ ಕೂಡ ಗಾಜಿನ ಜೊತೆಗೆ ಹೊರಗಿನ ನೆರಳನ್ನೂ, ತೆರೆಯಬಲ್ಲ ಕಿಟಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ವಿದ್ಯಾರ್ಥಿಗಳಿಗೊಂದು ಪರೀಕ್ಷೆ. ಕತ್ತಲಾದ ಮೇಲೆ ಹಿರಿಯರ ಜೊತೆಗಿದ್ದು ಜೋಡಿ ಗಾಜಿನ ಕಿಟಕಿಯ ಮುಂದೆ ಮೇಣದಬತ್ತಿ ಹಿಡಿದು ಓರೆಯಾಗಿ ನೋಡಿ. ನಾಲ್ಕು ಪ್ರತಿಬಿಂಬ ಕಂಡಾವು. ಅವುಗಳಲ್ಲಿ ಒಂದರ ಬಣ್ಣ ಬೇರೆಯಾಗಿದ್ದರೆ ಆ ಮೈಗೆ ಲೇಪವಿದೆ ಎಂದು ತಿಳಿಯಿರಿ.