ಮೂಗಿನ ಕೊಂಬು ಬೆರಳಿಗೆ ಬಂತು

ಡೈನೋಸಾರನ್ನು ಕಣ್ಣಾರೆ ಕಂಡ ಮನುಷ್ಯ ಒಬ್ಬನೂ ಇಲ್ಲ. ಆದರೂ ಅದರ ಚಿತ್ರ ಮಕ್ಕಳ ಪುಸ್ತಕದಲ್ಲೆಲ್ಲ ಉಂಟು. ಅಂಥ ಚಿತ್ರ ಕಂಡಾಗ ನಾನು ಮೊದಲು ಕೇಳಿಕೊಳ್ಳೋದು ಇಷ್ಟೇ: ಇದರಲ್ಲಿ ಎಲುಬು ಹೇಳಿದ್ದೆಷ್ಟು, ಕಲಾವಿದ ಊಹಿಸಿದ್ದೆಷ್ಟು?

ಸೊಪ್ಪು ಮೇಯುತ್ತಿದ್ದ ಇಗ್ವಾನೊಡಾನ್ ಕಥೆಯನ್ನೇ ನೋಡಿ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ 1854ರ ಹೊತ್ತಿಗೆ ಶಿಲ್ಪಿ ವಾಟರ್‌ಹೌಸ್ ಹಾಕಿನ್ಸ್ ಅದರ ದೊಡ್ಡ ಪ್ರತಿಮೆಗಳನ್ನು ನಿಲ್ಲಿಸಿದ. ಆಗ ಸಿಕ್ಕಿದ್ದದ್ದು ಬಿಡಿ ಹಲ್ಲು, ಬಿಡಿ ಎಲುಬು. ಅವುಗಳಲ್ಲೊಂದು ಮೊನಚಾಗಿತ್ತು. ಅದನ್ನು ಕೊಂಬೆಂದು ಬಗೆದು, ಖಡ್ಗಮೃಗಕ್ಕಿರುವ ಹಾಗೆ ಮೂಗಿನ ಮೇಲೆ ಕೂರಿಸಿದ್ದಾಯಿತು.

1878ರಲ್ಲಿ ಬೆಲ್ಜಿಯಂನ ಬರ್ನಿಸಾರ್ ಕಲ್ಲಿದ್ದಲು ಗಣಿಯೊಳಗೆ, 322 ಮೀಟರ್ ಆಳದಲ್ಲಿ, ಇಡೀ ಅಸ್ಥಿಪಂಜರಗಳೇ ಸಿಕ್ಕವು. ಕೊಂಬೆಂದುಕೊಂಡಿದ್ದು ಹೆಬ್ಬೆರಳಿನ ಮುಳ್ಳು! ವಿಜ್ಞಾನಿ ಲೂಯಿ ಡೋಲೊ ಪ್ರಾಣಿಯನ್ನು ಕಾಂಗರೂವಿನಂತೆ ನೆಟ್ಟಗೆ ನಿಲ್ಲಿಸಿದ. ಅದೂ ಉಳಿಯಲಿಲ್ಲ. ಅದರ ಬಾಲ ಹಾಗೆ ಬಾಗುವಂಥದ್ದಲ್ಲ. ಹೀಗಾಗಿ ಇಂದಿನ ಚಿತ್ರಗಳಲ್ಲಿ ಬೆನ್ನು, ಬಾಲ ನೆಲಕ್ಕೆ ಸಮನಾಗಿರುತ್ತವೆ.

ಹಾಗಂತ ಹಾಕಿನ್ಸನನ್ನು ಆಡಿಕೊಳ್ಳುವಂತಿಲ್ಲ. ಸಂತೆಯಲ್ಲಿ ಎತ್ತಿನ ಮೈಕಟ್ಟು ನೋಡಿ ನಾವೂ ಬಲ ಅಂದಾಜು ಮಾಡ್ತೀವಿ. ನೊಗ ಹೂಡಿದ ಮೇಲೆ ತಾನೇ ನಿಜ ತಿಳಿಯೋದು? ಒಳ್ಳೆ ಚಿತ್ರಗಾರ ಇದ್ದ ಎಲುಬಿಗೆ ನಿಷ್ಠನಾಗಿ ಬರೀತಾನೆ, ಹೊಸ ಎಲುಬು ಸಿಕ್ಕರೆ ಅಳಿಸಿ ಬರೀತಾನೆ. ಲಂಡನ್ನಿನ ಪ್ರತಿಮೆಗಳು ಮಾತ್ರ ಮೂಗಿನ ಕೊಂಬು ಹೊತ್ತು ಇಂದಿಗೂ ಅಲ್ಲೇ ಇವೆ.